ಫ್ರಿಜ್ಜಿನ ಮೇಲಿನ ಕಣ್ಣು

ಆ ಮನೆಯ ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತದ ಬಿಲ್ಲೆ ಒತ್ತಿ ಅಂಟಿಸಿದ್ದು ಕ್ಯಾಲೆಂಡರಲ್ಲ, ಮದುವೆಯ ಫೋಟೋ ಅಲ್ಲ. ಒಂದು ಕಣ್ಣಿನ ಒಳಗಿನ ಚಿತ್ರ. ಬೂದು, ಬಿಳಿ, ಕಪ್ಪು ಪದರಗಳು ಒಂದರ ಮೇಲೊಂದು ಮಲಗಿದ್ದವು, ನಡುವೆ ಒಂದು ಗುಡ್ಡ ಎದ್ದಿತ್ತು. ಗುಡ್ಡ ಇರಬಾರದು, ಗುಂಡಿ ಇರಬೇಕು. ಮನೆಯವರಿಗೆಲ್ಲ ಗೊತ್ತಿದ್ದದ್ದು ಇಷ್ಟೇ. ತಿಂಗಳಿಗೊಮ್ಮೆ ಹಳೆಯದನ್ನು ಕಿತ್ತು ಹೊಸದನ್ನು ಅಂಟಿಸುತ್ತಿದ್ದರು. ಹಾಲಿಗೆಂದು, ಮೊಟ್ಟೆಗೆಂದು ಫ್ರಿಜ್ಜಿನ ಹತ್ತಿರ ಹೋದವರು ಅದರತ್ತ ಒಮ್ಮೆ ನೋಡಿ, ಆಮೇಲೆ ಬಾಲ್ಕನಿಯಲ್ಲಿ ಕೂತ ಸೂಜಿಯತ್ತೆಯ ಕಡೆ ತಿರುಗಿ, ಬೆಳಿಗ್ಗೆ ಏನು ತಿಂದೆ, ಎಷ್ಟು ತಿಂದೆ ಎಂದು ವಿಚಾರಿಸಿಕೊಳ್ಳುತ್ತಿದ್ದರು. ಚಿತ್ರವನ್ನು ನೋಡಿದಷ್ಟು ಹೊತ್ತು ಅವಳ ಮುಖವನ್ನು ಯಾರೂ ನೋಡುತ್ತಿರಲಿಲ್ಲ.

ಸೂಜಿಯತ್ತೆ ಎಂಬ ಹೆಸರಿಟ್ಟವಳು ತಮ್ಮನ ಮಗಳು, ಮೂರು ವರ್ಷದವಳಿದ್ದಾಗ. ಈಗ ಆ ಹುಡುಗಿಗೆ ಹತ್ತೊಂಬತ್ತು, ಅತ್ತೆಗೆ ಐವತ್ತೊಂಬತ್ತು. ಅತ್ತೆಯದು ರಫು ಕೆಲಸ. ಹುಳು ತಿಂದ ಕೋಟು, ಸಿಗರೇಟಿನ ಕಿಡಿ ಬಿದ್ದ ಪ್ಯಾಂಟು, ಮೊಳೆಗೆ ಸಿಕ್ಕ ಶಾಲು, ಎಲ್ಲ ಡ್ರೈಕ್ಲೀನಿಂಗ್ ಅಂಗಡಿಯಿಂದ ಅವಳಿಗೆ ಬರುತ್ತಿತ್ತು. ಬಟ್ಟೆಯ ಮಡಿಕೆಯೊಳಗಿನಿಂದಲೇ ನೂಲು ಎಳೆದು, ತೂತಿನ ಮೇಲೆ ಉದ್ದ ಅಡ್ಡ ನೇಯ್ದು, ಬಟ್ಟೆಯೇ ಬೆಳೆದುಕೊಂಡಿತೇನೋ ಅನ್ನುವ ಹಾಗೆ ಮುಚ್ಚುತ್ತಿದ್ದಳು. ಕೆಲಸ ಕಂಡರೆ ಅದು ರಫು ಅಲ್ಲ. ಮೂವತ್ತೈದು ವರ್ಷ ಹೀಗೆ ಕಾಣದ ಕೆಲಸ ಮಾಡಿದ್ದಳು ಪುಣ್ಯಾತ್ಗಿತ್ತಿ.

ಮದುವೆಯಾಗಿರಲಿಲ್ಲ. ತಾಯಿ ಹೋದಮೇಲೆ ಒಂದು ಟ್ರಂಕು, ಒಂದು ಮೇಜಿನ ದೀಪ ಹಿಡಿದುಕೊಂಡು ತಮ್ಮನ ಮನೆಗೆ ಬಂದಿದ್ದಳು. ಮೂರನೇ ಮಹಡಿ, ಎರಡು ಕೋಣೆ, ಗಾಜು ಹಾಕಿಸಿದ ಬಾಲ್ಕನಿ, ಬಾಲ್ಕನಿ ಅವಳದು. ತಮ್ಮ ಲಿಫ್ಟ್ ರಿಪೇರಿಯವನು. ಅವನ ಹೆಂಡತಿ ಬೇಕರಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ. ಮಗಳು ಕಾಲೇಜು. ಬೆಳಿಗ್ಗೆ ಏಳೂವರೆಗೆ ಮೂವರೂ ಮೂರು ದಿಕ್ಕಿಗೆ ಹೊರಟರೆ ಸಂಜೆಯವರೆಗೆ ಆ ಮನೆಯಲ್ಲಿ ಮಾತಾಡುವುದು ಫ್ರಿಜ್ಜೊಂದೇ. ಹೊರಡುವ ಮುಂಚೆ ಒಬ್ಬೊಬ್ಬರೂ ಒಂದೊಂದು ಕೆಲಸ ಹೇಳಿ ಹೋಗುತ್ತಿದ್ದರು. ಗ್ಯಾಸಿನವನು ಬರುತ್ತಾನೆ, ಬಟ್ಟೆ ಒಳಗೆ ತೆಗೆದುಕೋ, ಬೀನ್ಸ್ ಕಾಳು ನೆನೆಹಾಕು. ಅತ್ತೆ ಮನೆಯಲ್ಲೇ ಇರುತ್ತಾಳಲ್ಲ.

ಸಕ್ಕರೆ ಕಾಯಿಲೆ ಬಂದು ಇಪ್ಪತ್ತು ವರ್ಷ. ಎರಡು ವರ್ಷದ ಹಿಂದೆ ಬಲಗಣ್ಣು ಕೈಕೊಟ್ಟಿತು. ನೋವಿಲ್ಲ, ಕೆಂಪಿಲ್ಲ, ಉರಿಯಿಲ್ಲ. ಅದಕ್ಕೇ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ, ಅವಳೂ ಸೇರಿ. ಈಗ ಉಳಿದದ್ದು ಎಡಗಣ್ಣು. ಅದರ ಪರದೆಯ ಪದರಗಳ ನಡುವೆ ನೀರು ತುಂಬಿಕೊಂಡು ಊದಿತ್ತು. ನಾಲ್ಕು ವಾರಕ್ಕೊಮ್ಮೆ ಕಣ್ಣಿನ ಬಿಳಿಗೆ ಒಂದು ಚುಚ್ಚುಮದ್ದು, ಅದಕ್ಕೆ ಮುಂಚೆ ಯಂತ್ರದಲ್ಲಿ ಚಿತ್ರ. ಊತ ಇಳಿದಿದೆಯೋ ಇಲ್ಲವೋ ಎಂದು ಹೇಳುವುದು ಚಿತ್ರವೇ. ಮನುಷ್ಯರಿಗೆ ಹೊರಗಿಂದ ಏನೂ ಕಾಣುವುದಿಲ್ಲ. ಈ ಕಣ್ಣೂ ಹೋದರೆ ಸೂಜಿ ನಿಲ್ಲುತ್ತದೆ. ಸೂಜಿ ನಿಂತ ದಿನ ತಾನು ಬಾಲ್ಕನಿಯಲ್ಲಿ ತಂದಿಟ್ಟ ಇನ್ನೊಂದು ಹಳೇ ಸಾಮಾನು ಆಗುತ್ತೇನೆ ಎಂಬುದು ಅವಳ ಭಯ. ಹಾಗಂತ ಯಾರೂ ಅಂದಿರಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು.

ಕಣ್ಣಾಸ್ಪತ್ರೆಯದು ಒಂದು ನಿಯಮ. ಪಾಪೆ ಅಗಲಿಸುವ ಹನಿ ಹಾಕಿದ ಮೇಲೆ ನಾಲ್ಕೈದು ಗಂಟೆ ಏನೂ ಸರಿಯಾಗಿ ಕಾಣದು, ಆದ್ದರಿಂದ ಜೊತೆಗೆ ಒಬ್ಬರು ಇರಲೇಬೇಕು. ಅವರ ಸಹಿ ಇಲ್ಲದೆ ಹನಿ ಇಲ್ಲ, ಚಿತ್ರ ಇಲ್ಲ, ಸೂಜಿಯೂ ಇಲ್ಲ. ಮೊದಲ ಮೂರು ತಿಂಗಳು ಈ ‘ಜೊತೆಗೊಬ್ಬರು’ ಅನ್ನುವುದಕ್ಕೇ ಮನೆ ರಣರಂಗ. ತಮ್ಮ ರಜೆ ಹಾಕಿದರೆ ಎಲ್ಲೋ ಲಿಫ್ಟ್ ನಡುವೆ ನಿಂತು ಫೋನು ಬರುತ್ತಿತ್ತು. ಅವನ ಹೆಂಡತಿ ರಜೆ ಕೇಳಿದರೆ ಕಾರ್ಖಾನೆಯಲ್ಲಿ ಮುಖ ಗಂಟಿಕ್ಕುತ್ತಿದ್ದರು, ಆ ಗಂಟನ್ನು ಅವಳು ಹಾಗೇ ಮನೆಗೆ ತರುತ್ತಿದ್ದಳು. ಮೂರನೇ ಸಲ ಊಟದ ಮೇಜಿನ ಮೇಲೆ ಆಲೂಗಡ್ಡೆ ಆರುವವರೆಗೆ ಗಂಡಹೆಂಡಿರು ವಾದ ಮಾಡಿದರು. ಕೊನೆಗೆ ಮಗಳು ಕ್ಲಾಸು ತಪ್ಪಿಸಿಕೊಂಡು ಬಂದಳು, ಬಂದವಳು ಬೆಂಚಿನ ಮೇಲೆ ಕೂತು ಫೋನಿನಲ್ಲಿ ಮುಳುಗಿದಳು.

ಆ ರಾತ್ರಿಯೇ ಅತ್ತೆ ಹೇಳಿಬಿಟ್ಟಳು: ಇನ್ನುಮೇಲೆ ಯಾರೂ ಬರಬೇಡಿ, ಡ್ರೈಕ್ಲೀನಿಂಗ್ ಅಂಗಡಿಯ ಯಜಮಾನಿ ಜೊತೆಗೆ ಬರ್ತೀನಿ ಅಂದಿದ್ದಾರೆ. ಅಷ್ಟು ಕೆಲಸವಿರುವ ಯಜಮಾನಿ ಯಾಕೆ ಬರುತ್ತಾಳೆ ಎಂದು ಯಾರೂ ಕೇಳಲಿಲ್ಲ. ನಂಬುವುದಕ್ಕೆ ಅನುಕೂಲವಾಗಿದ್ದರೆ ಜನ ಎಷ್ಟು ಬೇಗ ನಂಬುತ್ತಾರೆ ನೋಡಿ.

ಯಜಮಾನಿ ಬರಲಿಲ್ಲ, ಅವಳನ್ನು ಕೇಳಿಯೂ ಇರಲಿಲ್ಲ. ನಾಲ್ಕನೇ ತಿಂಗಳು ಅತ್ತೆ ಒಬ್ಬಳೇ ಹೋಗಿ, ನರ್ಸು ಕೊಟ್ಟ ಫಾರಂ ತೊಡೆಯ ಮೇಲಿಟ್ಟುಕೊಂಡು ಪೆಚ್ಚಾಗಿ ಕೂತಿದ್ದಳು. ಪಕ್ಕದಲ್ಲಿ ಇನ್ನೊಬ್ಬರು ಅಂಥದೇ ಫಾರಂ ಹಿಡಿದು ಕೂತಿದ್ದರು. ಅರವತ್ತೈದರ ಆಸುಪಾಸು, ಬೆರಳ ತುದಿಗಳು ಕಪ್ಪು, ಜೇಬಿನಲ್ಲಿ ಏನೋ ಗಿಲಗಿಲ ಅನ್ನುತ್ತಿತ್ತು. ಬೀಗ ರಿಪೇರಿಯವರು. ತಮಗೂ ಯಾರೂ ಇಲ್ಲ, ಹೋದ ಸಲ ಬಸ್ ಸ್ಟಾಪಿನಲ್ಲಿ ನಿಂತವನೊಬ್ಬನಿಗೆ ಚಹಾ ಕುಡಿಸಿ ಸಹಿ ಹಾಕಿಸಿದೆ ಎಂದು ಅವರೇ ಹೇಳಿಕೊಂಡರು. ಆಮೇಲೆ ಅವಳ ಫಾರಂ ತೆಗೆದುಕೊಂಡು ತಮ್ಮ ಹೆಸರು ಗೀಚಿ, ‘ಸಂಬಂಧ’ ಅನ್ನುವ ಕಡೆ ಪೆನ್ನು ನಿಲ್ಲಿಸಿದರು.

“ಅಣ್ಣ ಅಂತ ಹಾಕ್ಲಾ?”

ಅವಳು ಹೂಂ ಅಂದಳು. ಅವರ ಫಾರಮ್ಮಿನಲ್ಲಿ ತನ್ನ ಹೆಸರು ಬರೆದು, ಪಕ್ಕದಲ್ಲಿ ‘ತಂಗಿ’ ಎಂದು ಬರೆದಳು. ಹುಟ್ಟಿದಾಗಿನಿಂದ ಅವಳು ಅಕ್ಕ. ತಮ್ಮನನ್ನು ಎತ್ತಿ ಆಡಿಸಿದ ಅಕ್ಕ, ತಮ್ಮನ ಹೆಂಡತಿಗೂ ಅಕ್ಕ, ಅಂಗಡಿಯವರಿಗೂ ಅಕ್ಕ. ತಂಗಿ ಅನ್ನಿಸಿಕೊಂಡದ್ದು ಅದೇ ಮೊದಲು. ಸುಳ್ಳೇ ಆದರೂ ಹಿತವಾಗಿತ್ತು.

ಇಬ್ಬರ ಕಣ್ಣಿಗೂ ಹನಿ ಬಿದ್ದರೆ ಯಾರು ಯಾರನ್ನು ಕರೆದುಕೊಂಡು ಹೋಗುವುದು? ಅಷ್ಟು ಜನರ ಗದ್ದಲದಲ್ಲಿ ನರ್ಸಿಗೆ ಅದು ಹೊಳೆಯಲಿಲ್ಲ. ಯಂತ್ರದ ಕತ್ತಲೆ ಕೋಣೆಯಲ್ಲಿ ಗಲ್ಲ ಇಟ್ಟು, ಹಸಿರು ನಕ್ಷತ್ರವನ್ನೇ ನೋಡುತ್ತ, ರೆಪ್ಪೆ ಬಡಿಯದೆ ಒಬ್ಬರಾದ ಮೇಲೊಬ್ಬರು ಚಿತ್ರ ತೆಗೆಸಿಕೊಂಡರು. ಸೂಜಿ ಆದಮೇಲೆ ಒಬ್ಬರ ಮೊಣಕೈ ಇನ್ನೊಬ್ಬರು ಹಿಡಿದುಕೊಂಡು, ಬಿಸಿಲಿಗೆ ಕೈ ಅಡ್ಡ ಮಾಡುತ್ತ, ಬಸ್ ಸ್ಟಾಪಿಗೆ ಬಂದರು. ಬಸ್ಸಿನ ನಂಬರು ಇಬ್ಬರಿಗೂ ಕಾಣದು.

“ಹದಿನಾಲ್ಕಾ ತಂಗಿ, ಹದಿನೇಳಾ?”

“ನನ್ನ ಕೇಳ್ತೀರಲ್ಲ, ನಂಗೆ ಬಸ್ಸು ಕಂಡಿದ್ದೇ ದೊಡ್ಡದು.”

ಒಂದು ಸಲ ಹಾಗೇ ಹದಿನೇಳು ಹತ್ತಿ ಡಿಪೋ ತಲುಪಿದ್ದರು. ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತು ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅತ್ತೆ ಅಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ. ಮನೆಗೆ ತಡವಾಗಿ ಬಂದವಳು ಅಂಗಡಿಯಲ್ಲಿ ಕೆಲಸವಿತ್ತು ಅಂದಳು. ಫೋನ್ ನಂಬರನ್ನು ಇಬ್ಬರೂ ಕೇಳಿಕೊಂಡಿರಲಿಲ್ಲ. ತಿಂಗಳಿಗೊಂದು ದಿನಾಂಕ ಇತ್ತಲ್ಲ, ಸಾಕಿತ್ತು.

ಚಿತ್ರ ಓದುವುದನ್ನೂ ಇಬ್ಬರೂ ಕಲಿತರು. ಯಂತ್ರದ ಹುಡುಗಿ ಒಂದು ದಿನ ಬಿಡುವಿನಲ್ಲಿ ತೋರಿಸಿಕೊಟ್ಟಿದ್ದಳು. ಪದರ ಅಂದರೆ ಅತ್ತೆಗೆ ಹೇಳಿಕೊಡಬೇಕೇ? ಕೋಟಿನ ಬಟ್ಟೆಗೂ ಅಸ್ತರಿಗೂ ನಡುವೆ ನೀರು ಹೊಕ್ಕು ಉಬ್ಬಿದ ಹಾಗಿತ್ತು ಅವಳದು; ಗುಡ್ಡದ ಒಳಗೆ ಅಕ್ಕಪಕ್ಕ ಎರಡು ಕಪ್ಪು ತೂತು, ಥೇಟ್ ಹುಳು ತಿಂದ ಉಣ್ಣೆ. ಬೀಗದವರದು ಬೇರೆ. ಅವರ ಚಿತ್ರದ ಬಲತುದಿಯಲ್ಲಿ ಮೇಲಿನ ಪದರ ಒಂದಿಷ್ಟು ಮಡಚಿಕೊಂಡಿತ್ತು. ‘ನನ್ನ ಕಾಲರ್ ಇಸ್ತ್ರಿ ಆಗಿಲ್ಲ ನೋಡು’ ಎಂದು ಅವರು ಪ್ರತಿ ಸಲ ತೋರಿಸುತ್ತಿದ್ದರು. ಅವರು ಇರುತ್ತಿದ್ದದ್ದು ಹಳೇ ನೀರಿನ ಟ್ಯಾಂಕಿನ ಹಿಂದೆ, ಇಸ್ತ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ.

ಎಡವಟ್ಟಾದದ್ದು ಏಳನೇ ತಿಂಗಳು. ಆವತ್ತು ದೊಡ್ಡ ಡಾಕ್ಟರು ಊರಲ್ಲಿರಲಿಲ್ಲ. ಬದಲಿಗೆ ಬಂದವರು ಸಾಲಾಗಿ ಎಲ್ಲರಿಗೂ ಸೂಜಿ ಹಾಕಿ, ಚಿತ್ರವನ್ನು ಲಕೋಟೆಯಲ್ಲಿ ಕೊಟ್ಟು, ವಿವರ ಮುಂದಿನ ಸಲ ಅಂದರು. ಲಕೋಟೆ ಎರಡೂ ಕಂದು. ಒಳಗಿನ ಹಾಳೆಯಲ್ಲಿ ಹೆಸರಿಲ್ಲ, ಒಂದು ಉದ್ದನೆ ನಂಬರು ಮಾತ್ರ. ಬಸ್ಸಿನಲ್ಲಿ ಅತ್ತೆ ಕಂಬಿ ಹಿಡಿದು ನಿಂತಳು, ಬೀಗದವರು ಎರಡೂ ಲಕೋಟೆ ಹಿಡಿದುಕೊಂಡರು. ಅವಳು ಇಳಿಯುವಾಗ ಒಂದನ್ನು ಕೈಗೆ ಕೊಟ್ಟರು. ಯಾವುದನ್ನು ಕೊಟ್ಟೆ ಎಂದು ಕೊಟ್ಟವರಿಗೂ ಕಾಣಲಿಲ್ಲ, ತೆಗೆದುಕೊಂಡವಳಿಗೂ ಕಾಣಲಿಲ್ಲ.

ಸಂಜೆ ತಮ್ಮ ಲಕೋಟೆ ಬಿಚ್ಚಿ, ದೀಪದ ಕೆಳಗೆ ಹಿಡಿದು, ಹೆಂಡತಿಯನ್ನು ಕೂಗಿದ. ಗುಡ್ಡ ಇಲ್ಲ. ನಡುವೆ ನುಣುಪಾದ, ಚಂದದ ಗುಂಡಿ. ತಮ್ಮನ ಹೆಂಡತಿ ಕೈ ಒರೆಸಿಕೊಂಡು ಬಂದು ನೋಡಿ, ಅಬ್ಬಾ ಎಂದು ಕುರ್ಚಿಯಲ್ಲಿ ಕೂತುಬಿಟ್ಟಳು. ಮಗಳು ಹಳೆಯದನ್ನು ಕಿತ್ತು ಹೊಸದನ್ನು ಅಂಟಿಸಿ ಅದರ ಫೋಟೋ ಬೇರೆ ಹೊಡೆದುಕೊಂಡಳು. ಆ ರಾತ್ರಿ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತರು. ಕಾರ್ಖಾನೆಯಿಂದ ತಂದ ಮುರುಕು ಬನ್ನನ್ನು ಬೇರೆ ದಿನ ಅತ್ತೆಯ ಕಣ್ಣಿಗೆ ಬೀಳದಂತೆ ಇಡುತ್ತಿದ್ದ ತಮ್ಮನ ಹೆಂಡತಿ, ಆವತ್ತು ತಾನೇ ಒಂದು ಚೂರು ಮುರಿದು ಅವಳ ತಟ್ಟೆಗೆ ಹಾಕಿದಳು.

“ತಿನ್ನಿ ಅಕ್ಕ, ಇಷ್ಟಕ್ಕೇನಾಗಲ್ಲ. ಏಳು ತಿಂಗಳು ಬಾಯಿ ಕಟ್ಟಿದೀರ.”

ಅತ್ತೆ ಆ ಚೂರನ್ನು ಬಾಯಿಗಿಟ್ಟುಕೊಂಡಳು. ಹನಿಯ ಮಬ್ಬಿನಲ್ಲಿ ಅವಳಿಗೆ ಚಿತ್ರ ಕಂಡಿರಲಿಲ್ಲ; ಕಂಡವರು ಹೇಳಿದ್ದನ್ನು ನಂಬಿದಳು.

ಮಾರನೇ ದಿನ ಎಲ್ಲರೂ ಹೋದಮೇಲೆ ಭೂತಗನ್ನಡಿ ತಂದು ಫ್ರಿಜ್ಜಿನ ಮುಂದೆ ನಿಂತಳು. ಗುಂಡಿ ಚೆನ್ನಾಗಿತ್ತು. ಬಲತುದಿಯಲ್ಲಿ ಇಸ್ತ್ರಿ ಆಗದ ಕಾಲರ್ ಇತ್ತು. ಇದು ತನ್ನ ಕಣ್ಣಲ್ಲ.

ಹೇಳಬೇಕಿತ್ತು. ಸಂಜೆ ಹೇಳೋಣ ಅಂದುಕೊಂಡಳು. ಸಂಜೆ ತಮ್ಮ ಸಿಳ್ಳೆ ಹಾಕಿಕೊಂಡು ಮೆಟ್ಟಿಲು ಹತ್ತಿಬಂದ. ನಾಳೆ ಹೇಳೋಣ ಅಂದುಕೊಂಡಳು. ಮಾರನೇ ದಿನ ತಮ್ಮನ ಹೆಂಡತಿ ಬಾಲ್ಕನಿಗೇ ಚಹಾ ತಂದು, ಸ್ಟೂಲಿನ ಮೇಲೆ ಕೂತು, ಕಾರ್ಖಾನೆಯ ಸುದ್ದಿ ಹೇಳಿ ನಕ್ಕಳು. ಆ ಸ್ಟೂಲಿನ ಮೇಲೆ ಅವಳು ಕೂತದ್ದು ಈ ಹದಿನಾರು ವರ್ಷದಲ್ಲಿ ಅದೇ ಮೊದಲು. ಇಷ್ಟು ದಿನದ ಮೇಲೆ ಮನೆಯಲ್ಲಿ ತಾನೊಂದು ಹೊರೆ ಅಲ್ಲ ಅನ್ನಿಸಿತ್ತು. ಅದನ್ನು ತನ್ನ ಬಾಯಿಂದಲೇ ಹೇಗೆ ಕೆಡಿಸುವುದು? ಹೇಗೂ ಮುಂದಿನ ದಿನಾಂಕಕ್ಕೆ ಬೀಗದವರು ಸಿಗುತ್ತಾರೆ, ಹಾಳೆ ಬದಲಾಯಿಸಿಕೊಂಡರೆ ಆಯಿತು, ಮನೆಗೆ ಮೆಲ್ಲನೆ ಹೇಳಿದರಾಯಿತು. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಬಾಯಿಗೆ ಬೀಗ ಹಾಕಿಕೊಂಡಳು.

ಅಷ್ಟರಲ್ಲಿ ಕಟ್ಟಡದ ಪೈಪು ಬದಲಾಯಿಸುವ ಕೆಲಸ ಶುರುವಾಯಿತು. ಇವರ ಮನೆಯ ಸರದಿ ಬಂದದ್ದು ಸರಿಯಾಗಿ ಅವಳ ಆಸ್ಪತ್ರೆಯ ದಿನವೇ. ಮನೆಯಲ್ಲಿ ಒಬ್ಬರಿರಬೇಕು. ಕಣ್ಣು ಹೇಗೂ ಒಣಗಿದೆ, ಎರಡು ವಾರ ಮುಂದಕ್ಕೆ ಹಾಕಿದರೆ ಏನಂತೆ ಎಂದು ತಮ್ಮ ಕೇಳಿದ. ಅವನ ಹೆಂಡತಿ ಗಂಡನ ಕಡೆ ನೋಡಿ, ಅಕ್ಕನನ್ನು ಕೇಳು ಅಂದಳು. ಅಕ್ಕ, ಆಗಲಿ ಅಂದಳು.

ಆವತ್ತಿಡೀ ಅತ್ತೆ ಪೈಪಿನವರಿಗಾಗಿ ಕಾದಳು. ಅವರು ಬರಲೇ ಇಲ್ಲ. ಹನ್ನೊಂದು ಗಂಟೆ ಹೊತ್ತಿಗೆ, ಬೀಗದವರು ಫಾರಂ ಹಿಡಿದು ಬಾಗಿಲ ಕಡೆ ನೋಡುತ್ತ ಕೂತಿರಬಹುದು ಅನ್ನಿಸಿ ಸೂಜಿ ಕೆಳಗಿಟ್ಟಳು. ಸಹಿ ಹಾಕುವವರು ಯಾರು? ಆಮೇಲೆ ಸೂಜಿಯನ್ನು ಮತ್ತೆ ಎತ್ತಿಕೊಂಡಳು.

ಅದಾಗಿ ಹತ್ತು ದಿನಕ್ಕೆ, ಒಂದು ಶನಿವಾರ, ಡ್ರೈಕ್ಲೀನಿಂಗ್ ಅಂಗಡಿಯ ಯಜಮಾನಿ ತಾನೇ ಮೂರು ಮಹಡಿ ಹತ್ತಿ ಬಂದಳು. ಕೈಯಲ್ಲಿ ಎರಡು ಕೋಟು, ಒಂದು ಕಪ್ಪು, ಒಂದು ಕಡುನೀಲಿ. ಎರಡನ್ನೂ ಅತ್ತೆ ಒಂದೇ ದಿನ ಮೇಜಿನ ಮೇಲಿಟ್ಟುಕೊಂಡು, ಎರಡರ ಮಡಿಕೆಯಿಂದಲೂ ನೂಲು ಎಳೆದು, ಪಕ್ಕಪಕ್ಕ ಇಟ್ಟುಕೊಂಡು ರಫು ಮಾಡಿದ್ದಳು. ಯಜಮಾನಿ ಕೋಟುಗಳನ್ನು ಕಿಟಕಿಯ ಬಿಸಿಲಿಗೆ ಹಿಡಿದಳು. ಕಪ್ಪಿನ ಮೇಲೆ ನೀಲಿ ಚೌಕ, ನೀಲಿಯ ಮೇಲೆ ಕಪ್ಪು ಚೌಕ. ನೇಯ್ಗೆಯಲ್ಲಿ ಒಂದು ಎಳೆ ಕುಂದಿರಲಿಲ್ಲ. ಯಜಮಾನಿ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಪಾಪ, ಪರವಾಗಿಲ್ಲ ಅಕ್ಕ ಎಂದು ಭುಜ ಸವರಿದಳು. ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ, ಉಪಚಾರಕ್ಕೆಂದು, ಪ್ರತಿ ತಿಂಗಳು ಆಸ್ಪತ್ರೆಗೆ ಜೊತೆಗೆ ಹೋಗುತ್ತೀರಲ್ಲ, ನಿಮ್ಮಿಂದ ತುಂಬ ಉಪಕಾರವಾಯಿತು ಅಂದಳು. ಯಜಮಾನಿ ಕಣ್ಣು ಪಿಳಿಪಿಳಿ ಬಿಟ್ಟು, ಯಾವ ಆಸ್ಪತ್ರೆ ಎಂದು ಕೇಳಿದಳು.

ಸಂಜೆ ಅತ್ತೆ, ತಮ್ಮ, ಅವನ ಹೆಂಡತಿ ಮೇಜಿನ ಸುತ್ತ ಕೂತರು. ಯಾರೂ ತಟ್ಟೆ ಹಾಕಲಿಲ್ಲ. ತಮ್ಮ ಕೋಟುಗಳನ್ನು ತಿರುಗಿಸಿ ಮುರುಗಿಸಿ ನೋಡಿದ.

“ಚಿತ್ರ ಅಷ್ಟು ಚೆನ್ನಾಗಿದೆ. ಮತ್ತೆ ಕಪ್ಪು ನೀಲಿ ಗೊತ್ತಾಗಲ್ವಾ ನಿಂಗೆ?”

“ಅದು ನನ್ನ ಕಣ್ಣಲ್ಲ.”

“ಏನಂದೆ?”

“ಫ್ರಿಜ್ ಮೇಲಿರೋದು ನನ್ನ ಕಣ್ಣಲ್ಲ. ಅಣ್ಣಂದು.”

ಹೇಳಿದ ಮೇಲೆಯೇ ಅವಳಿಗೆ ತಾನು ಏನು ಅಂದೆ ಎಂದು ಅರಿವಾದದ್ದು. ತಮ್ಮ ಕೋಟನ್ನು ಮೆಲ್ಲನೆ ಮೇಜಿನ ಮೇಲಿಟ್ಟ.

“ನಮಗೆ ಅಣ್ಣ ಯಾವಾಗ ಹುಟ್ಟಿದ?”

ಎಲ್ಲ ಹೇಳಿದಳು. ಫಾರಮ್ಮು, ಸಹಿ, ಬಸ್ಸು, ಲಕೋಟೆ. ಡಿಪೋದಲ್ಲಿ ನಕ್ಕದ್ದೊಂದನ್ನು ಹೇಳಲಿಲ್ಲ, ಅದು ಅವಳದು. ತಮ್ಮನ ಮುಖ ಕೆಂಪಾಯಿತು. ತಾನು ಬದುಕಿರುವಾಗ ತನ್ನ ಹೆಸರಿರಬೇಕಾದ ಜಾಗದಲ್ಲಿ ಬೀದಿಯಲ್ಲಿ ಹೋಗುವವರ ಹೆಸರು ಬರೆಸಿದ್ದೀಯಲ್ಲ ಎಂದು ಧ್ವನಿ ಏರಿಸಿದ.

“ಹೆಸರು ಬರೆಯೋಕೆ ಮನುಷ್ಯ ಅಲ್ಲಿರಬೇಕಲ್ಲಪ್ಪ,” ಅಂದಳು ಅತ್ತೆ. ಕೋಪದಿಂದ ಅಂದದ್ದಲ್ಲ.

ಅವನ ಹೆಂಡತಿಯ ಕಣ್ಣಲ್ಲಿ ನೀರಾಡಿತು. “ನಾವು ಖುಷಿಪಡೋದನ್ನ ನೋಡ್ಕೊಂಡು ಸುಮ್ನೆ ಕೂತಿದ್ರಾ ಅಕ್ಕ? ನಾನು ಬನ್ನು ಬೇರೆ ತಿನ್ನಿಸ್ದೆ.”

“ಖುಷಿಪಟ್ರಲ್ಲ ಅಂತಾನೇ ಸುಮ್ನಿದ್ದೆ.”

ಮಗಳು ಇಷ್ಟು ಹೊತ್ತೂ ಫ್ರಿಜ್ಜಿಗೆ ಒರಗಿ ನಿಂತಿದ್ದಳು. ಬಿಲ್ಲೆ ಕಿತ್ತು ಹಾಳೆಯನ್ನು ಕೈಗೆ ತೆಗೆದುಕೊಂಡಳು.

“ಹಾಗಾದ್ರೆ ನಿಮ್ಮ ಚಿತ್ರ ಅವರ ಹತ್ರ ಇದೆಯಾ ಅತ್ತೆ? ಅವರಿಗೆ ಗೊತ್ತಾ ಅದು ಅವರದಲ್ಲ ಅಂತ?”

ಅತ್ತೆ ಹಾಳೆಗೆ ಕೈ ಚಾಚಿದಳು. ಐದು ವಾರ ತನ್ನ ಕಣ್ಣು, ತನ್ನ ಮನೆ, ತನ್ನ ಒಂದು ಚೂರು ಬನ್ನು ಎಂದೇ ಅವಳ ಯೋಚನೆ ಇತ್ತು. ಒಂಟಿ ಕೋಣೆಯಲ್ಲಿ ಕೂತ ಆ ಮನುಷ್ಯನ ಕೈಯಲ್ಲಿ ತನ್ನ ಗುಡ್ಡ, ತನ್ನ ಹುಳು ತಿಂದ ತೂತು ಇದೆ ಎಂಬುದನ್ನು ಅವಳು ನೆನೆದಿರಲೇ ಇಲ್ಲ. ಆ ರಾತ್ರಿ ಅವಳು ಊಟ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ತಮ್ಮ ತಾನಾಗಿಯೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತ. ನೀರಿನ ಟ್ಯಾಂಕಿನ ಹಿಂದಿನ ಬೀದಿಯಲ್ಲಿ ಇಸ್ತ್ರಿ ಅಂಗಡಿ ಸುಲಭವಾಗಿ ಸಿಕ್ಕಿತು. ಇಸ್ತ್ರಿಯವಳು, ಹೌದು ಮೇಲಿದ್ದಾರೆ, ಹತ್ತು ದಿನದಿಂದ ಕೆಳಗಿಳಿದಿಲ್ಲ, ಬ್ರೆಡ್ಡು ನಾನೇ ಕೊಟ್ಟುಬರುತ್ತಿದ್ದೇನೆ ಅಂದಳು.

ಕೋಣೆಯ ಬಾಗಿಲು ತೆರೆದೇ ಇತ್ತು. ಮಂಚದಿಂದ ಒಲೆಗೆ, ಒಲೆಯಿಂದ ಬಚ್ಚಲಿಗೆ ಒಂದು ಹಗ್ಗ ಕಟ್ಟಿತ್ತು. ಬೀಗದವರು ಕಿಟಕಿಗೆ ಬೆನ್ನು ಮಾಡಿ, ಕಣ್ಣಿಗೆ ಕರವಸ್ತ್ರ ಬಿಗಿದುಕೊಂಡು, ಒಂದು ತಾಳವನ್ನು ಬೆರಳಿನಿಂದಲೇ ಬಿಚ್ಚಿ ಜೋಡಿಸುತ್ತಿದ್ದರು. ಹೆಜ್ಜೆ ಸಪ್ಪಳಕ್ಕೆ ಕರವಸ್ತ್ರ ಮೇಲೆ ಸರಿಸಿದರು. ಮೇಜಿನ ಮೇಲೆ ಆ ಹಾಳೆ ಇತ್ತು, ಹಾರದಿರಲೆಂದು ಮೇಲೊಂದು ಬೀಗ ಇಟ್ಟಿದ್ದರು.

“ಅಭ್ಯಾಸ ಮಾಡ್ಕೋತಿದೀನಿ ತಂಗಿ,” ಅಂದರು. “ಗುಡ್ಡ ಮತ್ತೆ ಎದ್ದಿದೆ. ಕಾಲರ್ ಕೂಡ ಹೋಯ್ತು. ನೀನು ಆವತ್ತು ಬರ್ಲಿಲ್ಲ, ವಾಪಸ್ ಕಳಿಸಿದ್ರು. ಇಷ್ಟೆಲ್ಲ ಚುಚ್ಚಿಸ್ಕೊಂಡಿದ್ದಕ್ಕೆ ಇಷ್ಟೇ ಅಂದ್ರೆ, ಇನ್ನು ಹೋಗಿ ಏನು ಅಂತ...”

ಅತ್ತೆ ಲಕೋಟೆಯಿಂದ ಅವರ ಹಾಳೆ ತೆಗೆದು ಮುಂದಿಟ್ಟಳು. ಕಾಲರಿನ ಮೇಲೆ ಬೆರಳಿಟ್ಟಳು. ಹಾಳೆ ಅದಲುಬದಲಾದದ್ದನ್ನು, ಗೊತ್ತಿದ್ದೂ ತಾನು ಸುಮ್ಮನಿದ್ದದ್ದನ್ನು ಹೇಳಿದಳು. ಅವರು ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಅವರಿಗೆ ನಗು ಬಂತು. ನಗು ಅರ್ಧಕ್ಕೇ ನಿಂತಿತು. ಬೀಗದ ಕೆಳಗಿದ್ದ ಇನ್ನೊಂದು ಹಾಳೆಯ ಕಡೆ ತಿರುಗಿದರು.

“ಹಾಗಾದ್ರೆ ಇದು ನಿಂದಾ?”

ಅವಳು ತಲೆಯಾಡಿಸಿದಳು.

“ಇದನ್ನ ಇಟ್ಕೊಂಡು ನಾನು ಐದು ವಾರ ನಿದ್ದೆ ಮಾಡಿಲ್ಲ,” ಅಂದರು ಅವರು. “ನೀನು ಹೇಗೆ ತಡ್ಕೊಂಡೆ ಮಾರಾಯ್ತಿ?”

ಏಳು ತಿಂಗಳಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ತಮ್ಮ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡಿಕೊಂಡ.

ಸೋಮವಾರ ತಮ್ಮ ರಜೆ ಹಾಕಿ ಇಬ್ಬರನ್ನೂ ಕರೆದುಕೊಂಡು ಹೋದ. ಎರಡು ಫಾರಮ್ಮಿಗೂ ಅವನೇ ಸಹಿ ಹಾಕಿದ; ಒಂದರಲ್ಲಿ ತಮ್ಮ ಎಂದು, ಇನ್ನೊಂದರಲ್ಲಿ ಸ್ವಲ್ಪ ತಡೆದು, ಪರಿಚಯದವರು ಎಂದು. ದೊಡ್ಡ ಡಾಕ್ಟರು ಹೊಸ ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಹಾಕಿದರು. ಅತ್ತೆಯ ಗುಡ್ಡ ಇನ್ನೂ ಎತ್ತರವಾಗಿತ್ತು. ಎರಡು ವಾರ ತಪ್ಪಿದ್ದಕ್ಕೆ ಇಷ್ಟಾಗಿದೆ, ಇಳಿಸಬಹುದು, ಆದರೆ ಕಪ್ಪು ನೀಲಿಯ ವ್ಯತ್ಯಾಸ ಪೂರ್ತಿ ಮರಳುತ್ತದೆಂದು ಹೇಳಲಾರೆ, ಇನ್ನು ನಾಲ್ಕು ವಾರ ಅಂದರೆ ನಾಲ್ಕೇ ವಾರ ಅಂದರು. ಬೀಗದವರ ಗುಂಡಿ ಹಾಗೇ ಇತ್ತು. ಇವರದು ಚೆನ್ನಾಗಿ ಒಣಗಿದೆ, ಇನ್ನು ಮೂರು ತಿಂಗಳು ಬಿಟ್ಟು ಬಂದರೆ ಸಾಕು ಅಂದರು.

ಮೂರು ತಿಂಗಳು. ಇದು ಅತ್ತೆಗೆ ಹೊಳೆದೇ ಇರಲಿಲ್ಲ. ಕಣ್ಣು ಗುಣವಾದಷ್ಟೂ ದಿನಾಂಕ ದೂರ ಹೋಗುತ್ತದೆ. ಬಸ್ ಸ್ಟಾಪಿನಲ್ಲಿ ತಮ್ಮ, ಹದಿನಾಲ್ಕು ಬಂತು ಎಂದು ಹೇಳಿ ಇಬ್ಬರನ್ನೂ ಹತ್ತಿಸಿದ. ಯಾರೂ ನಂಬರು ಕೇಳುವ ಅಗತ್ಯ ಬೀಳಲಿಲ್ಲ.

ಮುಂದಿನ ತಿಂಗಳು ತಮ್ಮನೇ ಬಂದ, ಅದರ ಮುಂದಿನ ತಿಂಗಳು ಅವನ ಹೆಂಡತಿ. ಗೊಣಗಲಿಲ್ಲ, ಮುಖ ಗಂಟಿಕ್ಕಲಿಲ್ಲ, ಹನಿ ಬಿದ್ದ ಕಣ್ಣಿಗೆ ತನ್ನ ಕಪ್ಪು ಕನ್ನಡಕ ತೆಗೆದು ಕೊಟ್ಟಳು. ಒಳ್ಳೆಯವರೇ. ಬೆಂಚಿನ ಮೇಲೆ ಕೂತು ಇಬ್ಬರಿಗೂ ಆಡಲು ಮಾತಿರಲಿಲ್ಲ, ಅಷ್ಟೇ. ಎರಡನೇ ಸಲ ಚಿತ್ರದಲ್ಲಿ ಗುಡ್ಡ ಇಳಿದು ಬಟ್ಟಲಿನಂಥ ಗುಂಡಿ ಮೂಡಿತ್ತು. ಡಾಕ್ಟರು ಇನ್ನು ಆರು ವಾರಕ್ಕೆ ಬನ್ನಿ ಅಂದರು. ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದಳು. ನಾಲ್ಕು ವಾರಕ್ಕಾದರೆ ಬೀಗದವರ ದಿನವೇ ಬರುತ್ತಿತ್ತು.

“ನಾಲ್ಕಕ್ಕೇ ಬರ್ತೀನಿ ಡಾಕ್ಟ್ರೇ.”

ಡಾಕ್ಟರು ನಕ್ಕರು. ಎಲ್ಲರೂ ದೂರ ಹಾಕಿ ಎಂದು ಕಾಡುತ್ತಾರೆ, ನೀವೊಬ್ಬರೇ ಹತ್ತಿರ ಹಾಕಿ ಅನ್ನುತ್ತಿರುವುದು, ಬೇಡದ ಕಣ್ಣಿಗೆ ಸುಮ್ಮನೆ ಯಾಕೆ ಚುಚ್ಚಲಿ ಎಂದು ಕಾರ್ಡಿನಲ್ಲಿ ಆರು ಎಂದು ಬರೆದರು. ಆ ಸಂಜೆ ಫ್ರಿಜ್ಜಿನ ಮೇಲೆ ಅವಳದೇ ಕಣ್ಣಿನ ಚಿತ್ರ ಹತ್ತಿತು. ಮತ್ತೆ ಎಲ್ಲರೂ ಒಟ್ಟಿಗೆ ಕೂತು ಉಂಡರು. ಈ ಸಲ ಬನ್ನು ಯಾರೂ ಕೊಡಲಿಲ್ಲ, ಅವಳೂ ಕೇಳಲಿಲ್ಲ. ಅಂಗಡಿಯವರು ಈಗ ಬಿಳಿ, ತಿಳಿಬಣ್ಣದ ಬಟ್ಟೆ ಮಾತ್ರ ಕಳಿಸುತ್ತಿದ್ದರು. ಅದನ್ನೇ ನಿಧಾನಕ್ಕೆ ಮಾಡುತ್ತಿದ್ದಳು. ಸೂಜಿ ಉಳಿದುಕೊಂಡಿತ್ತು.

ನಾಲ್ಕು ವಾರ ಕಳೆದ ದಿನ, ಮೂವರೂ ಹೊರಟಮೇಲೆ, ಅತ್ತೆ ಒಳ್ಳೆಯ ಸೀರೆಯುಟ್ಟು, ಬೀಗ ಹಾಕಿ, ಆಸ್ಪತ್ರೆಗೆ ಹೋದಳು. ಅವಳ ಸರದಿಯಲ್ಲ. ಬೀಗದವರಿಗೆ ಸಹಿ ಹಾಕಲು ಯಾರಿದ್ದಾರೆ? ಜೊತೆಗೆ ಪೆನ್ನನ್ನೂ ತಂದಿದ್ದಳು.

ಹತ್ತು ಗಂಟೆಗೆ ಬೀಗದವರು ಬಂದರು. ಅವರ ಮೊಣಕೈ ಹಿಡಿದು ಇಸ್ತ್ರಿಯವಳು ಬಂದಳು. ಹೊಸ ಅಂಗಿ, ಕಾಲರ್ ಗರಿಗರಿಯಾಗಿತ್ತು. ಫಾರಂ ಇಸ್ತ್ರಿಯವಳ ಕೈಯಲ್ಲಿತ್ತು, ಬರೆದು ಆಗಿತ್ತು. ಅತ್ತೆಯನ್ನು ಕಂಡು ಬೀಗದವರ ಮುಖ ಅರಳಿತು. ನೀವು ಬಂದು ಹೋದಮೇಲೆ ಇವಳು ಬಿಡಲೇ ಇಲ್ಲ, ಊಟ ಕೂಡ ಕೆಳಗೇ ಅನ್ನುತ್ತಾಳೆ ಎಂದು ಸಂಭ್ರಮದಿಂದ ಹೇಳಿದರು. ಆಮೇಲೆ ಕೇಳಿದರು:

“ಇವತ್ತು ನಿಂದೂ ಇದೆಯಾ ತಂಗಿ?”

“ಹೂಂ, ನಂದೂ ಇದೆ,” ಅಂದಳು ಅತ್ತೆ. ಪೆನ್ನನ್ನು ಚೀಲದೊಳಗೆ ಹಾಕಿಕೊಂಡಳು.

ಅವರ ಹೆಸರು ಕರೆದರು. ಚಿತ್ರ ಆಯಿತು, ಚೆನ್ನಾಗಿಯೇ ಇತ್ತಂತೆ, ಇನ್ನು ನಾಲ್ಕು ತಿಂಗಳಂತೆ. ನಿನ್ನದು ಮುಗಿಯುವವರೆಗೆ ಕೂತಿರುತ್ತೇನೆ ಅಂದರು ಬೀಗದವರು. ತಮ್ಮ ಬರುತ್ತಾನೆ, ನೀವು ಹೊರಡಿ, ಬಿಸಿಲೇರುತ್ತೆ ಅಂದಳು ಅವಳು. ಅವರು ಹೊರಟರು.

ಅತ್ತೆ ಎದ್ದು ಕಿಟಕಿಗೆ ಬಂದು ನಿಂತಳು. ಆವತ್ತು ಅವಳ ಕಣ್ಣಿಗೆ ಹನಿ ಬಿದ್ದಿರಲಿಲ್ಲ. ಆ ಆಸ್ಪತ್ರೆಯ ಕಿಟಕಿಯಿಂದ ಹೊರಗಡೆ ಅವಳಿಗೆ ಸರಿಯಾಗಿ ಕಂಡದ್ದು ಅದೇ ಮೊದಲು. ಕೈ ಅಡ್ಡ ಮಾಡಿಕೊಂಡು ಬೀಗದವರು ರಸ್ತೆ ದಾಟಿದರು, ಇಸ್ತ್ರಿಯವಳು ಏನೋ ಹೇಳಿದಳು, ಅವರು ನಕ್ಕರು. ಸ್ಟಾಪಿನಲ್ಲಿ ನಿಂತರು. ದೂರದ ತಿರುವಿನಲ್ಲಿ ಬಸ್ಸು ಕಾಣಿಸಿಕೊಂಡಿತು. ಹಣೆಯ ಮೇಲಿನ ನಂಬರನ್ನು ಅತ್ತೆ ಅಲ್ಲಿಂದಲೇ ಓದಿದಳು.

“ಹದಿನಾಲ್ಕು,” ಅಂದಳು.

ಪಕ್ಕದಲ್ಲಿ ಯಾರೂ ಇರಲಿಲ್ಲ. ಬಸ್ಸು ಹೋದಮೇಲೆ ಇನ್ನಷ್ಟು ಹೊತ್ತು ನಿಂತಿದ್ದು, ಬೀನ್ಸ್ ಕಾಳು ನೆನೆಹಾಕುವುದು ಮರೆತದ್ದು ನೆನಪಾಗಿ ಮನೆಗೆ ಹೊರಟಳು.